ಸಂಶೋಧನೆಯ ದುಡ್ಡು: ಇರುವವರಿಗೇ ಮತ್ತೆ ಕೊಡಬೇಕಾ, ಎಲ್ಲರಿಗೂ ಹಂಚಬೇಕಾ?

ಪಿಪೆಟ್ ರಾಣಿ

ಸಂಶೋಧನೆಗೆ ದುಡ್ಡು ಕೇಳಿ ಹಾಕಿದ ಪ್ರಪೋಸಲ್ ಮೂರನೇ ಸಲ ವಾಪಸ್ ಬಂತು. ಅಳುವುದಕ್ಕೆ ಇಲ್ಲಿ ಬರೆಯುತ್ತಿಲ್ಲ, ನಿಜವಾಗಿಯೂ ಒಂದು ಪ್ರಶ್ನೆ ಇದೆ. ಆದರೆ ಮೊದಲು ಕಥೆ ಹೇಳಿಬಿಡುತ್ತೇನೆ.

ಅರ್ಜಿ ಓದಿ ಅಂಕ ಕೊಡುವ ರಿವ್ಯೂವರ್‌ಗಳಲ್ಲಿ ಒಬ್ಬರು ಐಡಿಯಾ ಹೊಸದು, ವಿಧಾನ ಗಟ್ಟಿಯಾಗಿದೆ ಎಂದು ಬರೆದಿದ್ದಾರೆ. ಇನ್ನೊಬ್ಬರದ್ದು ಎರಡೇ ಸಾಲು: ಅರ್ಜಿದಾರರ ಸಂಸ್ಥೆಯಲ್ಲಿ ಈ ಕೆಲಸಕ್ಕೆ ಬೇಕಾದ ಸೌಲಭ್ಯ ಇದ್ದಂತಿಲ್ಲ. ಅವರು ಹೇಳಿದ್ದು ಸುಳ್ಳೇನಲ್ಲ. ಅರ್ಜಿಯಲ್ಲಿ 'ಲಭ್ಯವಿರುವ ಉಪಕರಣಗಳು' ಅಂತ ಒಂದು ಕಲಂ ಇರುತ್ತದೆ. ಅಲ್ಲಿ ನಾನು ಮೈನಸ್ 80 ಡಿಗ್ರಿ ಫ್ರೀಜರ್, ಒಂದು ಎಂದು ಬರೆದೆ. ಆ ಫ್ರೀಜರ್ ಬಾಗಿಲಿನ ರಬ್ಬರ್ ಹೋಗಿ ಎರಡು ವರ್ಷ ಆಯಿತು. ಕೆಳಗೆ ಟವೆಲ್ ಹಾಸಿದ್ದೇವೆ. ಬೆಳಿಗ್ಗೆ ಯಾರು ಮೊದಲು ಬರುತ್ತಾರೋ ಅವರು ಟವೆಲ್ ಹಿಂಡಿ ಆಮೇಲೆ ಬೇರೆ ಕೆಲಸ ನೋಡಬೇಕು. ಡಿಸ್‌ಪ್ಲೇಯಲ್ಲಿ ಮೈನಸ್ 62 ತೋರಿಸುತ್ತದೆ. ಇದನ್ನೆಲ್ಲ ಬರೆಯೋಕೆ ಕಲಂ ಇಲ್ಲ.

ದುಡ್ಡು ಬಂದರೆ ಫ್ರೀಜರ್ ಬರುತ್ತದೆ, ಫ್ರೀಜರ್ ಇದ್ದರೆ ದುಡ್ಡು ಬರುತ್ತದೆ. ಮದುವೆಯಾಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆಯಾಗಲ್ಲ ಅಂತಾರಲ್ಲ, ಹಾಗಾಗಿದೆ ನನ್ನ ಕಥೆ.

ಪ್ರಶ್ನೆ ಇಷ್ಟು. ಸರ್ಕಾರದ ಸಂಶೋಧನಾ ದುಡ್ಡನ್ನು ವಿಶ್ವವಿದ್ಯಾಲಯಗಳ ಮಧ್ಯೆ ಹಂಚುವುದು ಯಾವ ಲೆಕ್ಕದಲ್ಲಿ? ಬೇರೆ ಬೇರೆ ದೇಶಗಳಲ್ಲಿ ಹೇಗೆ ಮಾಡುತ್ತಾರೆ? ಸಣ್ಣ ಜಾಗದಲ್ಲಿ ಇರುವವರಿಗೆ ನ್ಯಾಯ ಸಿಗುವ ದಾರಿ ಎಲ್ಲಾದರೂ ಇದೆಯಾ, ಅಥವಾ ನಾನು ಸುಮ್ನೆ ದೊಡ್ಡ ಕ್ಯಾಂಪಸ್ಸಿಗೆ ಕೆಲಸ ಬದಲಾಯಿಸಬೇಕಾ?


ಲೆಕ್ಕದ ಖಾತೆ

ಮೇಡಂ, ನಿಮಗೆ ಬಂದಿರುವ ಕಷ್ಟ ಅರ್ಥ ಆಗಬೇಕಾದರೆ ಎರಡು ನಲ್ಲಿಗಳನ್ನು ಬೇರೆ ಬೇರೆಯಾಗಿ ನೋಡಬೇಕು.

ಒಂದು ನಲ್ಲಿ ಪ್ರಾಜೆಕ್ಟ್ ದುಡ್ಡು. ನೀವು ಅರ್ಜಿ ಹಾಕುತ್ತೀರಿ, ರಿವ್ಯೂ ಆಗುತ್ತದೆ, ಗೆದ್ದರೆ ಮೂರು ವರ್ಷಕ್ಕೋ ಐದು ವರ್ಷಕ್ಕೋ ಸಿಗುತ್ತದೆ. ಇನ್ನೊಂದು ಬ್ಲಾಕ್ ಗ್ರಾಂಟ್. ಇದು ಯಾವುದೋ ಒಂದು ಪ್ರಾಜೆಕ್ಟಿಗಲ್ಲ, ವಿಶ್ವವಿದ್ಯಾಲಯಕ್ಕೇ ಇಡಿಯಾಗಿ ಬರುವ ಹಣ. ಎಲ್ಲಿ ಖರ್ಚು ಮಾಡಬೇಕು ಎಂದು ಅವರೇ ತೀರ್ಮಾನಿಸುತ್ತಾರೆ. ನಿಮ್ಮ ಫ್ರೀಜರಿನ ರಬ್ಬರ್ ಈ ಎರಡನೇ ನಲ್ಲಿಯಿಂದ ಬರಬೇಕಿತ್ತು.

ಬ್ರಿಟನ್ನಿನಲ್ಲಿ ಎರಡೂ ಇದೆ. ಇಂಗ್ಲೆಂಡಿನಲ್ಲಿ ಬ್ಲಾಕ್ ಗ್ರಾಂಟ್ ಹಂಚುವುದು ರಿಸರ್ಚ್ ಇಂಗ್ಲೆಂಡ್ ಎಂಬ ಸರ್ಕಾರಿ ಸಂಸ್ಥೆ, ವರ್ಷಕ್ಕೆ ಸುಮಾರು 200 ಕೋಟಿ ಪೌಂಡ್. ಅದಕ್ಕೆ ಆಧಾರ ಆರ್‌ಇಎಫ್ ಎಂಬ ದೊಡ್ಡ ಪರೀಕ್ಷೆ, ವಿಶ್ವವಿದ್ಯಾಲಯಗಳ ಸಂಶೋಧನೆ ಎಷ್ಟು ಚೆನ್ನಾಗಿದೆ ಎಂದು ಅಳೆಯುವುದು. ಈ ಪದ್ಧತಿ ಬೇರೆ ಹೆಸರಲ್ಲಿ 1986ರಿಂದ ಇದೆ. ಕಳೆದ ಸಲ ನಡೆದದ್ದು 2021ರಲ್ಲಿ, 157 ಸಂಸ್ಥೆಗಳು, 34 ವಿಷಯವಾರು ಪ್ಯಾನೆಲ್. ಪ್ರಬಂಧ, ಪುಸ್ತಕ ಇತ್ಯಾದಿಗೆ ಶೇ 60, ಹೊರಗಿನ ಜಗತ್ತಿಗೆ ಏನು ಉಪಯೋಗ ಆಯಿತು ಎಂಬುದಕ್ಕೆ ಶೇ 25, ಒಳಗಿನ ವಾತಾವರಣಕ್ಕೆ ಶೇ 15. ಕೆಲಸಕ್ಕೆ ಒಂದರಿಂದ ನಾಲ್ಕು ಸ್ಟಾರ್ ಕೊಡುತ್ತಾರೆ. ಮಜಾ ಇರುವುದು ಇಲ್ಲಿ: ನಾಲ್ಕು ಸ್ಟಾರಿಗೆ ನಾಲ್ಕು ಪಾಲು, ಮೂರಕ್ಕೆ ಒಂದು ಪಾಲು, ಎರಡು ಮತ್ತು ಅದಕ್ಕಿಂತ ಕೆಳಗಿನದಕ್ಕೆ ಸೊನ್ನೆ. ಅದಾದ ಮೇಲೆ ಸಂಶೋಧಕರು ಎಷ್ಟು ಜನ ಎಂಬುದರಿಂದ ಗುಣಿಸಿ, ಲ್ಯಾಬ್ ಬೇಕಾದ ವಿಷಯಕ್ಕೆ 1.6, ಮಧ್ಯಮ ಖರ್ಚಿನದಕ್ಕೆ 1.3, ಉಳಿದದ್ದಕ್ಕೆ 1 ಎಂದು ತೂಕ ಹಾಕುತ್ತಾರೆ.

ಈ ಪದ್ಧತಿಯಲ್ಲಿ ಒಂದು ಒಳ್ಳೆಯದಿದೆ. ಸಣ್ಣ ವಿಶ್ವವಿದ್ಯಾಲಯದ ಒಂದೇ ಒಂದು ವಿಭಾಗ ಚೆನ್ನಾಗಿದ್ದರೂ ಅದರ ಪಾಲು ಅದಕ್ಕೆ ಸಿಗುತ್ತದೆ. ಅವರ ಮಾತಿನಲ್ಲಿ 'ಒಳ್ಳೆಯದು ಎಲ್ಲಿದ್ದರೂ ಕೊಡು' ಅಂತ.


ಅರ್ಧ ಡಾಕ್ಟರ್

ಆ ಪರೀಕ್ಷೆ ನಡೆಸೋಕೇ ಎಷ್ಟು ಖರ್ಚಾಯಿತು ಎಂಬುದನ್ನೂ ಹೇಳಿ ಖಾತೆಯವರೇ.


ಲೆಕ್ಕದ ಖಾತೆ

ಹೇಳುತ್ತೇನೆ, ಮುಚ್ಚಿಡೋದೇನಿಲ್ಲ. 2014ರದ್ದಕ್ಕೆ ಅಂದಾಜು 24.6 ಕೋಟಿ ಪೌಂಡ್, 2021ರದ್ದಕ್ಕೆ 47.1 ಕೋಟಿ. ಇದರಲ್ಲಿ ಬಹುಪಾಲು ವಿಶ್ವವಿದ್ಯಾಲಯಗಳೇ ತಯಾರಿಗೆ ಸುರಿದ ಸಮಯ. ಆದರೆ ಆ ಪರೀಕ್ಷೆಯ ಮೇಲೆ ಏಳೆಂಟು ವರ್ಷ ದುಡ್ಡು ಹಂಚುತ್ತಾರೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಹಂಚುವ ಹಣದ ಜೊತೆ ಹೋಲಿಸಿದರೆ ಪ್ರಾಜೆಕ್ಟ್ ಅರ್ಜಿಗಳ ಖರ್ಚಿಗಿಂತ ಇದೇ ಕಡಿಮೆ ಎನ್ನುವವರೂ ಇದ್ದಾರೆ.


ಅರ್ಧ ಡಾಕ್ಟರ್

ಅರ್ಜಿ ಖರ್ಚಿನ ಮಾತು ಬಂತಲ್ಲ. ಆಸ್ಟ್ರೇಲಿಯಾದಲ್ಲಿ ಒಂದು ಲೆಕ್ಕ ಮಾಡಿದ್ದರು, 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತ್ತು. 2012ರ ಒಂದೇ ಒಂದು ಆರೋಗ್ಯ ಸಂಶೋಧನಾ ಯೋಜನೆಗೆ 3,727 ಅರ್ಜಿ. ಅವನ್ನು ಬರೆಯೋಕೆ ಹಿಡಿದ ಸಮಯ ಒಟ್ಟುಗೂಡಿಸಿದರೆ ಸುಮಾರು 550 ವರ್ಷ. ಐನೂರೈವತ್ತು! ಗೆದ್ದದ್ದು ಐದರಲ್ಲಿ ಒಂದು. ಅಂದರೆ ನಾನೂರು ವರ್ಷಕ್ಕಿಂತ ಜಾಸ್ತಿ ಕೆಲಸ ಕಸದ ಬುಟ್ಟಿಗೆ.

ನಮ್ಮ ಗೈಡ್ ವರ್ಷದಲ್ಲಿ ಎರಡು ತಿಂಗಳು ಲ್ಯಾಬಿಗೇ ಬರಲ್ಲ. ಬಾಗಿಲು ಹಾಕಿಕೊಂಡು ಬರೀತಾ ಇರುತ್ತಾರೆ. ಏನು ಸರ್ ಅಂದರೆ 'ನಿನ್ನ ಫೆಲೋಶಿಪ್ಪೇ ಬರೀತಿದ್ದೀನಿ ಮಾರಾಯ' ಅಂತಾರೆ. ಬೈಯೋಕೂ ಆಗಲ್ಲ.


ಗುಂಡುಸೂಜಿ

ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ, ನಾನು ಬೇರೆ ಹೇಳುತ್ತೇನೆ, ಬೈದರೂ ಪರವಾಗಿಲ್ಲ.

ದೊಡ್ಡ ಕೆಲಸಕ್ಕೆ ದೊಡ್ಡ ದುಡ್ಡು ಒಂದೇ ಕಡೆ ಬೇಕು. ಸ್ಯಾಂಪಲ್ಲನ್ನು ಹೆಪ್ಪುಗಟ್ಟಿಸಿ ಅಣುಗಳ ಆಕಾರ ನೋಡುವ ಒಂದು ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪನ್ನು ಹತ್ತು ತುಂಡು ಮಾಡಿ ಹತ್ತು ಊರಿಗೆ ಹಂಚೋಕೆ ಆಗಲ್ಲ. ಅದನ್ನು ನಡೆಸುವ ತಂತ್ರಜ್ಞ ಬೇಕು, ಅಲುಗಾಡದ ನೆಲ ಬೇಕು, ದಿನಾ ದ್ರವ ಸಾರಜನಕ ಬೇಕು, ಬಂದ ಡೇಟಾ ಇಡೋಕೆ ಸರ್ವರ್ ಬೇಕು. ಇದೆಲ್ಲ ಒಂದು ಕಡೆ ಸೇರಿದಾಗಲೇ ಕೆಲಸ ಆಗೋದು. ಎಲ್ಲರಿಗೂ ಚೂರು ಚೂರು ಕೊಟ್ಟರೆ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಕುಡಿಸಿದ ಹಾಗೆ, ಯಾರಿಗೂ ಸಾಲಲ್ಲ.

ಚೀನಾ ನೋಡಿ. 1998ರಲ್ಲಿ 985 ಅಂತ ಯೋಜನೆ ಶುರು ಮಾಡಿದರು, ಕೊನೆಗೆ ಅದರಲ್ಲಿ ಇದ್ದದ್ದು 39 ವಿಶ್ವವಿದ್ಯಾಲಯ ಮಾತ್ರ. ಅಷ್ಟು ದೊಡ್ಡ ದೇಶದಲ್ಲಿ 39! ಅವಕ್ಕೆ ದುಡ್ಡು ಸುರಿದರು. ಇವತ್ತು ಅವುಗಳಲ್ಲಿ ಕೆಲವು ಪ್ರಪಂಚದ ಯಾವ ವಿಶ್ವವಿದ್ಯಾಲಯಕ್ಕೂ ಕಡಿಮೆ ಇಲ್ಲ. ಜರ್ಮನಿಯವರು ಎಲ್ಲ ವಿಶ್ವವಿದ್ಯಾಲಯಗಳೂ ಸಮ ಅಂತ ಎಷ್ಟೋ ಕಾಲ ಹೇಳಿಕೊಂಡು ಬಂದರು. ಕೊನೆಗೆ ಅವರೂ 2005ರ ಹೊತ್ತಿಗೆ ಎಕ್ಸಲೆನ್ಸ್ ಯೋಜನೆ ತಂದು ಆರಿಸಿದವರಿಗೆ ಜಾಸ್ತಿ ಕೊಡೋಕೆ ಶುರು ಮಾಡಿದರು. ಸುಮ್ಮಸುಮ್ಮನೆ ಮಾಡಿದರಾ?


ಹಳೇ ಮೇಷ್ಟ್ರು

ಗುಂಡುಸೂಜಿಯವರೇ, ಮೈಕ್ರೋಸ್ಕೋಪ್ ಒಂದೇ ಕಡೆ ಇರಬೇಕು, ಒಪ್ಪಿದೆ. ಅದು ಒಬ್ಬರದೇ ಆಗಿರಬೇಕು ಎಂದು ಯಾರು ಹೇಳಿದರು?

ಬ್ರಿಟನ್ನಿನಲ್ಲಿ ತೀವ್ರ ಎಕ್ಸ್‌ರೇ ಹುಟ್ಟಿಸುವ ಡೈಮಂಡ್ ಸಿಂಕ್ರೋಟ್ರಾನ್ ಎಂಬ ದೊಡ್ಡ ಯಂತ್ರದ ಜಾಗದಲ್ಲಿ ನೀವು ಹೇಳಿದ ಅದೇ ಮೈಕ್ರೋಸ್ಕೋಪುಗಳಿವೆ. ಅವು ಯಾವ ವಿಶ್ವವಿದ್ಯಾಲಯದ ಸ್ವತ್ತೂ ಅಲ್ಲ. ಅರ್ಜಿ ಹಾಕಿ, ವಿಷಯ ಚೆನ್ನಾಗಿದ್ದರೆ ಸಮಯ ಕೊಡುತ್ತಾರೆ, ಫಲಿತಾಂಶ ಪ್ರಕಟಿಸುವವರಿಂದ ಬಾಡಿಗೆ ತಗೊಳ್ಳಲ್ಲ. ಭಾರತದಲ್ಲೂ ಈ ಯೋಚನೆ ಹಳೆಯದೇ. ಯುಜಿಸಿ 1984ರಲ್ಲಿ ದೆಹಲಿಯಲ್ಲಿ ನ್ಯೂಕ್ಲಿಯರ್ ಸೈನ್ಸ್ ಸೆಂಟರ್ ಶುರು ಮಾಡಿತು. ಈಗ ಅದರ ಹೆಸರು ಅಂತರ ವಿಶ್ವವಿದ್ಯಾಲಯ ವೇಗೋತ್ಕರ್ಷಕ (ಕಣಗಳ ವೇಗ ಏರಿಸಿ ಬೀಮ್ ಮಾಡುವ ಯಂತ್ರ) ಕೇಂದ್ರ, ಎಲ್ಲರ ಬಾಯಲ್ಲಿ ಐಯುಎಸಿ. ಪುಣೆಯ ಐಯುಕಾ 1988ರದ್ದು, ಅದು ಖಗೋಳದವರಿಗೆ. ಒಂದು ವಿಶ್ವವಿದ್ಯಾಲಯಕ್ಕೆ ಸ್ವಂತವಾಗಿ ಕೊಳ್ಳಲಾಗದ್ದನ್ನು ಎಲ್ಲರೂ ಬಂದು ಬಳಸಲಿ ಎಂಬುದೇ ಅವುಗಳ ಉದ್ದೇಶ. ಯಾವುದೋ ಸಣ್ಣ ಜಾಗದ ಮೇಷ್ಟ್ರು ತನ್ನ ವಿದ್ಯಾರ್ಥಿಯನ್ನು ಕರೆದುಕೊಂಡು ಹೋಗಿ, ರಾತ್ರಿ ಪಾಳಿಯಲ್ಲಿ ಬೀಮ್ ಎದುರು ಕೂತು, ಮೂರು ದಿನದ ಡೇಟಾ ಹೊತ್ತುಕೊಂಡು ವಾಪಸ್ ಬರುತ್ತಾನೆ. ಆ ಮೂರು ದಿನದಲ್ಲಿ ಒಂದು ಪಿಎಚ್‌ಡಿ ಆಗುತ್ತದೆ.

ಈಗ ಪ್ಯಾನೆಲ್ ವಿಷಯ. ನಾನು ಹಲವು ವರ್ಷ ಅಂಥ ಕಮಿಟಿಗಳಲ್ಲಿ ಕೂತವನು. ಯಾವುದು ಎಲ್ಲಿ ಅಂತ ಕೇಳಬೇಡಿ. ಒಂದು ದಿನಕ್ಕೆ 40 ಅರ್ಜಿ ಅಂದುಕೊಳ್ಳಿ. ಐದು ಅರ್ಜಿ ಅದ್ಭುತವಾಗಿರುತ್ತವೆ, ಎಲ್ಲರೂ ತಲೆ ಆಡಿಸುತ್ತಾರೆ. ಹದಿನೈದು ಬೇಡವೇ ಬೇಡ, ಅದಕ್ಕೂ ಎಲ್ಲರೂ ತಲೆ ಆಡಿಸುತ್ತಾರೆ. ಮಧ್ಯದ ಇಪ್ಪತ್ತರಲ್ಲಿ ಮೂರಕ್ಕೆ ದುಡ್ಡಿದೆ. ಅಲ್ಲಿ ಶುರುವಾಗುತ್ತದೆ ನೋಡಿ ತಮಾಷೆ. ಬೆಳಿಗ್ಗೆ ಒಂದು ಅರ್ಜಿಗೆ ಅರ್ಧ ಗಂಟೆ ಕೊಟ್ಟವರು ಸಂಜೆ ನಾಲ್ಕೂವರೆ ಆದಮೇಲೆ ಐದು ನಿಮಿಷ ಕೊಡಲ್ಲ. ಒಬ್ಬರ ಕೈ ವಾಚಿನ ಕಡೆ, ಇನ್ನೊಬ್ಬರಿಗೆ ರೈಲು ಹಿಡಿಯುವ ಗಡಿಬಿಡಿ. ಆಗ ಯಾರಾದರೂ 'ಇವರು ಆ ಸಂಸ್ಥೆಯವರಲ್ವಾ, ಮಾಡ್ತಾರೆ ಬಿಡಿ' ಎಂದರೆ ಅರ್ಜಿ ಒಳಗೆ. 'ಈ ಜಾಗ ಎಲ್ಲಿದೆ?' ಎಂದರೆ ಹೊರಗೆ. ಯಾರಲ್ಲೂ ಕೆಟ್ಟ ಬುದ್ಧಿ ಇರಲ್ಲ. ದಣಿದ ತಲೆಗೆ ಹೆಸರು ಒಂದು ಊರುಗೋಲು, ಅಷ್ಟೆ. ನಾನೂ ಆ ಮಾತು ಆಡಿದ್ದೇನೆ. ಎರಡನ್ನೂ.

ಇದು ನನ್ನೊಬ್ಬನ ಅನುಭವ ಅಲ್ಲ. 2018ರಲ್ಲಿ ಅಮೆರಿಕದಲ್ಲಿ 43 ರಿವ್ಯೂವರ್‌ಗಳಿಗೆ ಅಲ್ಲಿ ಆರೋಗ್ಯ ಸಂಶೋಧನೆಗೆ ದುಡ್ಡು ಕೊಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್‌ನ 25 ಅರ್ಜಿ ಕೊಟ್ಟು ನೋಡಿದರು. ಒಂದೇ ಅರ್ಜಿಗೆ ಇಬ್ಬರು ಕೊಟ್ಟ ಅಂಕಕ್ಕೂ, ಬೇರೆ ಬೇರೆ ಅರ್ಜಿಗೆ ಇಬ್ಬರು ಕೊಟ್ಟ ಅಂಕಕ್ಕೂ ಹೋಲಿಕೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ಒಂದೇ ಅರ್ಜಿ ಓದಿದರೂ ಇಬ್ಬರ ಅಂಕ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹಾಗಾಗಿ, ಪಿಪೆಟ್ ರಾಣಿ, ನಿಮ್ಮ ಎರಡನೇ ರಿವ್ಯೂವರ್ ಬೇರೆ ಯಾರೋ ಆಗಿದ್ದರೆ ಇವತ್ತು ನೀವು ಈ ಪೋಸ್ಟೇ ಹಾಕುತ್ತಿರಲಿಲ್ಲವೇನೋ.


ಪಿಪೆಟ್ ರಾಣಿ

ಮೇಷ್ಟ್ರೇ, ಓದಿ ಸಮಾಧಾನ ಆಯಿತೋ ಹೊಟ್ಟೆ ಉರಿಯಿತೋ ಗೊತ್ತಾಗುತ್ತಿಲ್ಲ.


ಮೂರನೇ ಮಹಡಿ

'ಇರುವವರಿಗೇ ಕೊಡೋದು' ಎಂಬುದಕ್ಕೆ ಒಂದು ಹೆಸರೇ ಇದೆ, ಮ್ಯಾಥ್ಯೂ ಪರಿಣಾಮ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲಿ ಬಳಕೆಗೆ ತಂದದ್ದು. ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ, ಇದ್ದವನಿಗೆ ಇನ್ನೂ ಕೊಡಲಾಗುವುದು ಎಂಬ ಅರ್ಥದ ಮಾತಿದೆಯಲ್ಲ, ಅದರಿಂದ.

ಆದರೆ ಗೆದ್ದವರು ಮತ್ತೆ ಗೆಲ್ಲುವುದು ಅವರು ನಿಜವಾಗಿ ಜಾಣರು ಅಂತಲೂ ಇರಬಹುದಲ್ಲ? ಇದನ್ನು ಬಿಡಿಸಿ ನೋಡುವುದು ಕಷ್ಟ. ನೆದರ್ಲೆಂಡ್ಸ್‌ನಲ್ಲಿ ಒಂದು ಚೆಂದದ ಉಪಾಯ ಮಾಡಿದರು. ಹೊಸದಾಗಿ ಪಿಎಚ್‌ಡಿ ಮುಗಿಸಿದವರ ಗ್ರಾಂಟಿನಲ್ಲಿ, ಗೆರೆಯ ಸ್ವಲ್ಪ ಮೇಲೆ ಇದ್ದು ಗೆದ್ದವರು, ಸ್ವಲ್ಪ ಕೆಳಗೆ ಇದ್ದು ಸೋತವರು, ಈ ಇಬ್ಬರನ್ನು ಮಾತ್ರ ಹೋಲಿಸಿದರು. ಅಂಕದಲ್ಲಿ ಕೂದಲೆಳೆ ಅಂತರ. ಮುಂದಿನ ಎಂಟು ವರ್ಷದಲ್ಲಿ ಗೆದ್ದವರಿಗೆ ಸೋತವರ ಎರಡು ಪಟ್ಟಿಗಿಂತ ಜಾಸ್ತಿ ದುಡ್ಡು ಸಿಕ್ಕಿತ್ತು. 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ನನಗೆ ಮನಸ್ಸಿಗೆ ತಟ್ಟಿದ್ದು ಬೇರೆ: ಸೋತವರಲ್ಲಿ ಎಷ್ಟೋ ಜನ ಆಮೇಲೆ ಅರ್ಜಿ ಹಾಕುವುದನ್ನೇ ಬಿಟ್ಟರು. ಯಾರೂ ಅವರನ್ನು ತಡೆಯಲಿಲ್ಲ. ಅವರೇ ಎದ್ದು ಹೋದರು.

ಇದು ಒಬ್ಬೊಬ್ಬರ ಕಥೆ, ನಿಜ. ಆದರೆ ವಿಶ್ವವಿದ್ಯಾಲಯವೂ ಹೀಗೇ ಎದ್ದು ಹೋಗುತ್ತದೆ. ಮೊದಲು ಅರ್ಜಿ ಹಾಕುವವರು ಕಡಿಮೆ ಆಗುತ್ತಾರೆ, ಆಮೇಲೆ ಅರ್ಜಿ ಹಾಕಲು ಸಹಾಯ ಮಾಡುವ ಕಚೇರಿ ಮುಚ್ಚುತ್ತದೆ, ಆಮೇಲೆ 'ನಾವು ಪಾಠ ಮಾಡುವ ಸಂಸ್ಥೆ' ಎಂದು ಹೇಳಿಕೊಳ್ಳಲು ಶುರು ಮಾಡುತ್ತಾರೆ.


ಲೆಕ್ಕದ ಖಾತೆ

ಚೂರು ಚೂರು ಕೊಟ್ಟರೆ ಯಾರಿಗೂ ಸಾಲಲ್ಲ ಎಂಬ ಗುಂಡುಸೂಜಿಯವರ ಮಾತಿಗೆ: ಕೆನಡಾದಲ್ಲಿ ಸಂಶೋಧನೆಗೆ ದುಡ್ಡು ಕೊಡುವ ಸರ್ಕಾರಿ ಸಂಸ್ಥೆ ಎನ್‌ಎಸ್‌ಇಆರ್‌ಸಿಯ ಡಿಸ್ಕವರಿ ಗ್ರಾಂಟ್ ನೋಡಿ. ಸಣ್ಣ ಮೊತ್ತ, ಆದರೆ ಅರ್ಜಿ ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಸಿಗುತ್ತದೆ. ಅಲ್ಲಿನ ಇಬ್ಬರು ಸಂಶೋಧಕರು 2013ರಲ್ಲಿ ಲೆಕ್ಕ ಹಾಕಿ ನೋಡಿದರು. ದೊಡ್ಡ ಗ್ರಾಂಟ್ ಪಡೆದವರ ಫಲ ದುಡ್ಡು ಹೆಚ್ಚಿದಷ್ಟೇ ಹೆಚ್ಚಿರಲಿಲ್ಲ. ಅದೇ ದುಡ್ಡನ್ನು ಹೆಚ್ಚು ಜನಕ್ಕೆ ಕೊಡುವುದೇ ಮೇಲು ಎಂಬುದು ಅವರ ಅಭಿಪ್ರಾಯ. ಅವರು ನೋಡಿದ್ದು ಪ್ರಬಂಧ ಮತ್ತು ಉಲ್ಲೇಖಗಳ ಲೆಕ್ಕ ಮಾತ್ರ, ಅದನ್ನು ನೆನಪಿಡಬೇಕು. ಆದರೂ ಅರೆಕಾಸಿನ ಮಜ್ಜಿಗೆಯಲ್ಲೂ ಶಕ್ತಿ ಇದೆ ಸ್ವಾಮಿ.


ಗುಂಡುಸೂಜಿ

ಉಲ್ಲೇಖ ಎಣಿಸಿ ವಿಜ್ಞಾನ ಅಳೆಯೋದಾದರೆ ನಾನು ಏನೂ ಹೇಳಲ್ಲ. ಗುರುತ್ವ ತರಂಗ ಹಿಡಿದದ್ದು ಸಣ್ಣ ಗ್ರಾಂಟಿನಿಂದಲಾ? ಅದನ್ನು ಹಿಡಿದ ಲೈಗೋ ಯಂತ್ರಕ್ಕೆ ಅಮೆರಿಕದ ಸರ್ಕಾರಿ ವಿಜ್ಞಾನ ನಿಧಿ ಎನ್‌ಎಸ್‌ಎಫ್ ದಶಕಗಟ್ಟಲೆ ದುಡ್ಡು ಹಾಕಿತು, 2015ರಲ್ಲಿ ಮೊದಲ ಸಂಕೇತ ಸಿಕ್ಕಿತು. ಹಂಚಿ ತಿನ್ನುವವರು ಅಷ್ಟು ವರ್ಷ ಕಾಯುತ್ತಿದ್ದರಾ?


ಹಳೇ ಮೇಷ್ಟ್ರು

ಒಳ್ಳೆ ಉದಾಹರಣೆ. ಆದರೆ ಲೈಗೋ ಪ್ರಬಂಧದ ಲೇಖಕರ ಪಟ್ಟಿ ಒಮ್ಮೆ ತೆಗೆದು ನೋಡಿ. ಸಾವಿರಕ್ಕಿಂತ ಹೆಚ್ಚು ಹೆಸರು, ನೂರಕ್ಕಿಂತ ಹೆಚ್ಚು ಸಂಸ್ಥೆ. ದುಡ್ಡು ಒಂದು ಯಂತ್ರಕ್ಕೆ ಹೋಯಿತು, ಕೆಲಸ ಹಂಚಿಹೋಯಿತು. ನನ್ನ ಮಾತಿಗೇ ನೀವು ಸಾಕ್ಷಿ ತಂದುಕೊಟ್ಟಿರಿ.


ರಿಟೈರ್ಡ್ ಸೂಪರಿಂಟೆಂಡೆಂಟ್

ನಾನು ವಿಜ್ಞಾನಿ ಅಲ್ಲ. ಒಂದು ವಿಶ್ವವಿದ್ಯಾಲಯದ ಹಣಕಾಸು ಕಚೇರಿಯಲ್ಲಿ ಇಡೀ ಆಯಸ್ಸು ಕಳೆದವನು. ನೀವೆಲ್ಲ ಯಾರು ಗೆಲ್ಲಬೇಕು ಎಂದು ಜಗಳ ಆಡುತ್ತಿದ್ದೀರಿ. ಗೆದ್ದ ಮೇಲೆ ಏನಾಗುತ್ತದೆ ಅಂತ ಯಾರೂ ಕೇಳುತ್ತಿಲ್ಲ.

ಒಂದು ಸಲ ನಮ್ಮಲ್ಲಿಗೆ ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುಗಳ ತೂಕ ಅಳೆಯುವ ಮಿಷನ್, ಬಂತು. ಪ್ರಾಜೆಕ್ಟಿನಲ್ಲಿ ಉಪಕರಣಕ್ಕೆ ದುಡ್ಡಿತ್ತು. ಇಡುವ ಕೋಣೆಗೆ ಇರಲಿಲ್ಲ. ಕೋಣೆ ಹುಡುಕಿದೆವು, ಎಸಿ ಇಲ್ಲ. ಎಸಿ ಹಾಕಿಸಿದೆವು, ಆ ಮಹಡಿಯ ವೈರಿಂಗ್ ತಡೆಯಲಿಲ್ಲ. ಎಲ್ಲ ಆಗಿ ಚಾಲೂ ಆಗುವ ಹೊತ್ತಿಗೆ ವಾರಂಟಿ ಮುಗಿಯುತ್ತಾ ಬಂದಿತ್ತು. ಮೂರು ವರ್ಷಕ್ಕೆ ಪ್ರಾಜೆಕ್ಟ್ ಮುಗಿಯಿತು, ಅದನ್ನು ನಡೆಸುತ್ತಿದ್ದ ಹುಡುಗ ಸಂಬಳ ಇಲ್ಲದೆ ಹೋದ. ವರ್ಷಾವಧಿ ಸರ್ವಿಸ್ ಕಾಂಟ್ರಾಕ್ಟಿಗೆ ಯಾವ ಲೆಕ್ಕಶೀರ್ಷಿಕೆಯಿಂದ ಕೊಡಬೇಕು ಎಂಬ ಫೈಲು ನನ್ನ ಮೇಜಿಗೇ ಬಂದಿತ್ತು. ನನ್ನ ಕೈಯಿಂದಲೇ 'ಅವಕಾಶ ಇರುವುದಿಲ್ಲ' ಎಂದು ಬರೆದು ವಾಪಸ್ ಕಳಿಸಿದೆ. ಮಿಷನ್ನಿಗೆ ಇವತ್ತು ಒಂದು ಹೊದಿಕೆ ಹೊಲಿಸಿದ್ದಾರಂತೆ, ಧೂಳು ಕೂರದ ಹಾಗೆ. ಆನೆ ಕೊಟ್ಟವರು ಮೇವು ಕೊಡಲಿಲ್ಲ ಅಂದರೆ ಇದೇ.

ಇದಕ್ಕೇ ಓವರ್‌ಹೆಡ್ ಅನ್ನುವುದು. ಕರೆಂಟು, ಕಟ್ಟಡ, ಲೈಬ್ರರಿ, ಸೇಫ್ಟಿ, ನನ್ನಂಥ ಗುಮಾಸ್ತರು. ಇದನ್ನು ಯಾರು ಕೊಡಬೇಕು ಎಂಬ ಪ್ರಶ್ನೆಯಲ್ಲೇ ಹಂಚಿಕೆಯ ಅರ್ಧ ರಾಜಕೀಯ ಇದೆ. ಜರ್ಮನಿಯಲ್ಲಿ ಸಂಶೋಧನೆಗೆ ದುಡ್ಡು ಕೊಡುವ ಸಂಸ್ಥೆ ಡಿಎಫ್‌ಜಿ, ಪ್ರಾಜೆಕ್ಟ್ ಖರ್ಚಿನ ಮೇಲೆ ಶೇ 22 ಸೇರಿಸಿ ಕೊಡುತ್ತದೆ. ಬ್ರಿಟನ್ನಿನ ರಿಸರ್ಚ್ ಕೌನ್ಸಿಲ್‌ಗಳು ಸಾಮಾನ್ಯವಾಗಿ ಪೂರ್ತಿ ಖರ್ಚಿನ ಶೇ 80 ಕೊಡುತ್ತವೆ, ಉಳಿದ 20 ನೀವೇ ಹೊಂದಿಸಿಕೊಳ್ಳಿ ಎನ್ನುತ್ತವೆ. ಅಮೆರಿಕದಲ್ಲಿ ಒಂದೊಂದು ವಿಶ್ವವಿದ್ಯಾಲಯವೂ ಸರ್ಕಾರದ ಜೊತೆ ಕೂತು ತನ್ನ ದರ ಮಾತಾಡಿಕೊಳ್ಳುತ್ತದೆ. ದೊಡ್ಡವು ಎಷ್ಟೋ ಶೇ 50 ದಾಟಿವೆ. ಶೇ 50 ಎಂದರೆ ಅರ್ಧ ದುಡ್ಡು ಕಚೇರಿಗೆ ಹೋಯಿತು ಅಂತ ಅಲ್ಲ, ನೂರಕ್ಕೆ ಮೇಲೆ ಐವತ್ತು. ಒಟ್ಟಿನಲ್ಲಿ ಮೂರನೇ ಒಂದು ಭಾಗ. ಪೇಪರಿನವರೂ ಇದನ್ನು ತಪ್ಪು ಬರೆಯುತ್ತಾರೆ.

2025ರ ಫೆಬ್ರವರಿಯಲ್ಲಿ ಎನ್‌ಐಎಚ್ ಎಲ್ಲರಿಗೂ ಶೇ 15 ಅಷ್ಟೇ ಎಂದಿತು. ಎಷ್ಟೋ ರಾಜ್ಯಗಳು, ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. ಕೋರ್ಟು ತಡೆ ಹಾಕಿತು.


ಗುಂಡುಸೂಜಿ

ಸೂಪರಿಂಟೆಂಡೆಂಟ್ ಸರ್, ನಿಮ್ಮ ಕಥೆ ಮನಸ್ಸಿಗೆ ನಾಟಿತು. ಆದರೆ ಓವರ್‌ಹೆಡ್ಡಿಗೆ ಇನ್ನೊಂದು ಮುಖವೂ ಇದೆಯಲ್ಲ. 1990ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ವಿಹಾರ ನೌಕೆಯ ಸವಕಳಿಯನ್ನೂ ಸಂಶೋಧನೆಯ ಓವರ್‌ಹೆಡ್ ಲೆಕ್ಕಕ್ಕೆ ಸೇರಿಸಿದ್ದು ಹೊರಗೆ ಬಿದ್ದು ದೊಡ್ಡ ಗಲಾಟೆ ಆಯಿತು. ಆಮೇಲೆ 1991ರಲ್ಲಿ ಆಡಳಿತದ ಪಾಲಿಗೆ ಶೇ 26ರ ಮಿತಿ ಹಾಕಿದರು. ಲೆಕ್ಕ ಕೇಳದೆ ಕೊಟ್ಟರೆ ಹೀಗೂ ಆಗುತ್ತದೆ.


ರಿಟೈರ್ಡ್ ಸೂಪರಿಂಟೆಂಡೆಂಟ್

ಗೊತ್ತು ಗೊತ್ತು. ನಾವು ಆ ಸುದ್ದಿ ಓದಿ ನಕ್ಕಿದ್ದೆವು. ನಮ್ಮಲ್ಲಿ ಜನರೇಟರಿಗೆ ಡೀಸೆಲ್ ಹಾಕಿಸೋಕೆ ಮೂರು ಸಹಿ ಬೇಕಿತ್ತು. ಲೆಕ್ಕ ಕೇಳಿ, ಬೇಡ ಅನ್ನಲ್ಲ. ಕೊಡದೇ ಇರೋಕೆ ಅದನ್ನು ನೆಪ ಮಾಡಬೇಡಿ.


ಹಿಂದಿನ ಬೆಂಚು

ಊರೂರಿಗೆ ಹಂಚಬೇಕಾ ಬೇಡವಾ ಎಂಬ ಈ ಜಗಳ ಎಷ್ಟು ಹಳೆಯದು ಗೊತ್ತಾ? ಎರಡನೇ ಮಹಾಯುದ್ಧ ಮುಗಿಯುತ್ತಿದ್ದಾಗ ಅಮೆರಿಕದಲ್ಲಿ ಇದೇ ನಡೆಯಿತು. ಯುದ್ಧಕಾಲದಲ್ಲಿ ಸರ್ಕಾರದ ಸಂಶೋಧನೆಯ ಹೊಣೆ ಹೊತ್ತಿದ್ದ ವನ್ನೆವರ್ ಬುಶ್ 1945ರಲ್ಲಿ ವರದಿ ಕೊಟ್ಟರು. ವಿಜ್ಞಾನಿಗಳೇ ಆರಿಸಲಿ, ಒಳ್ಳೆಯ ಕೆಲಸಕ್ಕೆ ದುಡ್ಡು ಹೋಗಲಿ ಎಂಬುದು ಅವರ ನಿಲುವು. ವೆಸ್ಟ್ ವರ್ಜೀನಿಯಾದ ಸೆನೆಟರ್ ಹಾರ್ಲಿ ಕಿಲ್ಗೋರ್ ಒಪ್ಪಲಿಲ್ಲ. ಜನರ ತೆರಿಗೆ ದುಡ್ಡು, ಎಲ್ಲ ರಾಜ್ಯಕ್ಕೂ ಒಂದಿಷ್ಟು ಪಾಲು ಖಾತ್ರಿ ಇರಲಿ ಎಂದರು. ಐದು ವರ್ಷ ಹಗ್ಗ ಜಗ್ಗಿ 1950ರಲ್ಲಿ ಎನ್‌ಎಸ್‌ಎಫ್ ಹುಟ್ಟಿತು. ರಾಜ್ಯವಾರು ಪಾಲು ಇಲ್ಲದೆ.

ಬುಶ್ ಗೆದ್ದರು ಅಂದುಕೊಂಡರೆ, 1979ರಲ್ಲಿ ಅದೇ ಎನ್‌ಎಸ್‌ಎಫ್ ಎಪ್ಸ್‌ಕೋರ್ ಅಂತ ಯೋಜನೆ ತಂದಿತು, ಕಡಿಮೆ ದುಡ್ಡು ಸಿಗುವ ರಾಜ್ಯಗಳಿಗಾಗಿಯೇ. ಮೊದಲು ಐದು ರಾಜ್ಯ, ಅದರಲ್ಲಿ ಒಂದು ಅದೇ ವೆಸ್ಟ್ ವರ್ಜೀನಿಯಾ! ಕಿಲ್ಗೋರ್ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಈಗ ಎನ್‌ಎಸ್‌ಎಫ್ ದುಡ್ಡಿನಲ್ಲಿ ಶೇ 0.75 ಅಥವಾ ಅದಕ್ಕಿಂತ ಕಡಿಮೆ ಪಡೆಯುವ ರಾಜ್ಯಗಳು ಇದಕ್ಕೆ ಅರ್ಹ. 2022ರ ಚಿಪ್ಸ್ ಮತ್ತು ವಿಜ್ಞಾನ ಕಾಯ್ದೆಯಲ್ಲಿ, ಇಂಥ ರಾಜ್ಯಗಳಿಗೆ ಹೋಗುವ ಪಾಲನ್ನು 2029ರ ಹೊತ್ತಿಗೆ ಶೇ 20ಕ್ಕೆ ಏರಿಸಬೇಕು ಎಂದೇ ಬರೆದಿದ್ದಾರೆ.

ತಮಾಷೆ ಎಂದರೆ ಆ ರಾಜ್ಯದ ಒಳಗೆ ಬಂದ ದುಡ್ಡು ಕೂಡ ಅಲ್ಲಿನ ಒಂದೋ ಎರಡೋ ದೊಡ್ಡ ವಿಶ್ವವಿದ್ಯಾಲಯಕ್ಕೇ ಹೆಚ್ಚಾಗಿ ಸೇರುತ್ತದೆ. ಮ್ಯಾಥ್ಯೂ ಅವರ ಮನೆ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ.


ಮೂರನೇ ಮಹಡಿ

ಭಾರತದ ಬಗ್ಗೆಯೂ ಒಂದು ಮಾತು ಹೇಳಬೇಕು. ಇಲ್ಲಿ ಐಐಟಿಗೆ ಜಾಸ್ತಿ, ರಾಜ್ಯ ವಿಶ್ವವಿದ್ಯಾಲಯಕ್ಕೆ ಕಡಿಮೆ ಎಂಬ ಜಗಳವೇ ಎಲ್ಲರ ಕಣ್ಣಿಗೆ ಬೀಳೋದು. ಜಗಳ ನಿಜವೇ. ಆದರೆ ಅದಕ್ಕೂ ಮೊದಲು ಒಂದು ಹಂಚಿಕೆ ಆಗಿಹೋಗಿರುತ್ತದೆ. ಸರ್ಕಾರದ ಸಂಶೋಧನಾ ದುಡ್ಡಿನ ದೊಡ್ಡ ಪಾಲು ಡಿಆರ್‌ಡಿಒ, ಬಾಹ್ಯಾಕಾಶ, ಅಣುಶಕ್ತಿ, ಐಸಿಎಆರ್, ಸಿಎಸ್‌ಐಆರ್ ಇಂಥ ಕಡೆ ಹೋಗುತ್ತದೆ. ಅವು ವಿಶ್ವವಿದ್ಯಾಲಯಗಳಲ್ಲ. ದೇಶದ ಒಟ್ಟು ಸಂಶೋಧನಾ ಖರ್ಚೇ ಜಿಡಿಪಿಯ ಶೇ 0.64ರ ಸುತ್ತ, ಅದರಲ್ಲಿ ಉನ್ನತ ಶಿಕ್ಷಣದ ಪಾಲು ಹತ್ತನೇ ಒಂದಕ್ಕಿಂತ ಕಡಿಮೆ. ವಿದ್ಯಾರ್ಥಿಗಳು ಇರುವುದು ಎಲ್ಲಿ, ದುಡ್ಡು ಇರುವುದು ಎಲ್ಲಿ, ನೋಡಿ. ಉಳಿದ ಸಣ್ಣ ತಟ್ಟೆಗೆ ಐಐಟಿ, ಐಐಎಸ್‌ಸಿ, ಕೇಂದ್ರೀಯ, ರಾಜ್ಯ, ಎಲ್ಲರೂ ಕೈ ಹಾಕಬೇಕು.

2023ರ ಕಾಯ್ದೆಯಿಂದ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಪ್ರಾಜೆಕ್ಟ್ ದುಡ್ಡು ಕೊಡುತ್ತಿದ್ದ ಹಳೆಯ ಮಂಡಳಿ ಎಸ್‌ಇಆರ್‌ಬಿಯ ಜಾಗಕ್ಕೆ ಬಂದಿದೆ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಅಂತ ಹೇಳಿದ್ದಾರೆ, ಅದರಲ್ಲಿ ಹೆಚ್ಚಿನದು ಸರ್ಕಾರದ ಹೊರಗಿನಿಂದ ಬರಬೇಕು ಎಂಬ ನಿರೀಕ್ಷೆ. ಪೇರ್ ಎಂಬ ಅವರ ಯೋಜನೆಯಲ್ಲಿ ಬಲವಾದ ಸಂಸ್ಥೆಯೊಂದು ನಡುವೆ, ಅದರ ಸುತ್ತ ಇನ್ನೂ ಬೆಳೆಯಬೇಕಾದ ವಿಶ್ವವಿದ್ಯಾಲಯಗಳು. ಐಡಿಯಾ ಒಳ್ಳೆಯದು. ಸುತ್ತ ಇರುವವರು ಬರೀ ಸ್ಯಾಂಪಲ್ ಕಳಿಸುವವರಾಗಿ ಉಳಿದುಬಿಡುತ್ತಾರಾ ಎಂಬ ಅನುಮಾನ ನನಗಂತೂ ಇದೆ.


ಅರ್ಧ ಡಾಕ್ಟರ್

ಹಾಗಿದ್ದರೆ ಕಮಿಟಿಯೇ ಬೇಡ, ಪೇಪರ್ ಎಣಿಸಿ ಕೊಟ್ಟುಬಿಡಲಿ. ಜಾಸ್ತಿ ಪೇಪರ್, ಜಾಸ್ತಿ ದುಡ್ಡು. ಪಕ್ಷಪಾತ ಇಲ್ಲ.


ಹಳೇ ಮೇಷ್ಟ್ರು

ಅಯ್ಯೋ ಬೇಡ ಮಗಾ. ಆಸ್ಟ್ರೇಲಿಯಾ 1990ರ ದಶಕದಲ್ಲಿ ಪ್ರಬಂಧದ ಎಣಿಕೆಯನ್ನು ಹಂಚಿಕೆಯ ಸೂತ್ರಕ್ಕೆ ಸೇರಿಸಿತು. ಪ್ರಬಂಧಗಳು ಏರಿದವು, ಆದರೆ ಹೆಚ್ಚಿದ್ದು ಕೆಳದರ್ಜೆಯ ಪತ್ರಿಕೆಗಳಲ್ಲಿ ಎಂದು ಲಿಂಡಾ ಬಟ್ಲರ್ 2003ರಲ್ಲಿ ತೋರಿಸಿದರು. ಆಮೇಲೆ ಬೇರೆಯವರು ಅದೇ ಅಂಕಿ ಮತ್ತೆ ನೋಡಿ, ಹಾಗೇನಿಲ್ಲ ಎಂದು ವಾದ ಮಾಡಿದ್ದಾರೆ, ಆ ಜಗಳ ತೀರಿಲ್ಲ. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ: ಒಂದು ಪ್ರಬಂಧ ಆಗಬೇಕಾದ್ದನ್ನು ಮೂರು ಮಾಡುವ ಕಲೆ ಕಲಿಸೋಕೆ ಯಾರೂ ಬೇಕಾಗಿಲ್ಲ. ಸುತ್ತೋಲೆ ಬಂದ ವಾರದಲ್ಲೇ ಎಲ್ಲರಿಗೂ ಬರುತ್ತದೆ.


ಹಿಂದಿನ ಬೆಂಚು

ನನ್ನ ಓಟು ಚೀಟಿ ಎತ್ತುವುದಕ್ಕೆ. ನಗಬೇಡಿ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಿಂದ ಎಕ್ಸ್‌ಪ್ಲೋರರ್ ಗ್ರಾಂಟಿಗೆ ಇದನ್ನೇ ಮಾಡುತ್ತಿದೆ. ಮೊದಲು ಯೋಗ್ಯವೋ ಅಲ್ಲವೋ ನೋಡುತ್ತಾರೆ, ಯೋಗ್ಯ ಆದವುಗಳ ಮಧ್ಯೆ ಲಾಟರಿ. ಸ್ವಿಸ್ ನ್ಯಾಷನಲ್ ಸೈನ್ಸ್ ಫೌಂಡೇಶನ್ 2021ರಿಂದ ಗೆರೆಯ ಹತ್ತಿರ ಸಮಸಮ ಬಂದವಕ್ಕೆ ಚೀಟಿ ಎತ್ತುತ್ತದೆ. ಬ್ರಿಟಿಷ್ ಅಕಾಡೆಮಿ 2022ರಿಂದ ಸಣ್ಣ ಗ್ರಾಂಟುಗಳಿಗೆ. ಮೇಷ್ಟ್ರು ಹೇಳಿದ ಮಧ್ಯದ ಇಪ್ಪತ್ತಕ್ಕೆ ಇದಕ್ಕಿಂತ ಪ್ರಾಮಾಣಿಕ ದಾರಿ ಇಲ್ಲ. ಚೀಟಿಗೆ ರೈಲು ಹಿಡಿಯುವ ಆತುರ ಇಲ್ಲ. ಕ್ಯಾಂಪಸ್ಸಿನ ಹೆಸರೂ ಗೊತ್ತಿಲ್ಲ.


ಗುಂಡುಸೂಜಿ

ಜನರ ದುಡ್ಡನ್ನು ಲಾಟರಿಯಲ್ಲಿ ಹಂಚಿದೆವು ಅಂತ ಸದನದಲ್ಲಿ ನಿಂತು ಹೇಳುವ ಮಂತ್ರಿಯನ್ನು ನೀವೇ ಹುಡುಕಿಕೊಂಡು ಬನ್ನಿ.


ರಿಟೈರ್ಡ್ ಸೂಪರಿಂಟೆಂಡೆಂಟ್

ಚೀಟಿ ಎತ್ತಿ, ಓಟು ಹಾಕಿ, ಏನಾದರೂ ಮಾಡಿ. ಗೆದ್ದವರ ಕಟ್ಟಡಕ್ಕೆ ವೈರಿಂಗ್ ಮಾಡಿಸೋದು ಯಾರು? ನಾನು ಅಲ್ಲೇ ನಿಂತಿದ್ದೇನೆ. ಪ್ರತಿ ವಿಶ್ವವಿದ್ಯಾಲಯಕ್ಕೂ, ಗೆಲ್ಲಲಿ ಸೋಲಲಿ, ಸಂಶೋಧಕರ ಸಂಖ್ಯೆ ನೋಡಿ ಒಂದು ಕನಿಷ್ಠ ಮೊತ್ತ ವರ್ಷ ವರ್ಷ ಬರಬೇಕು. ರಬ್ಬರು, ಎಸಿ, ಸರ್ವಿಸ್ ಕಾಂಟ್ರಾಕ್ಟು, ಒಬ್ಬ ಕಾಯಂ ತಂತ್ರಜ್ಞ. ಇಷ್ಟೇ. ಅದರ ಮೇಲೆ ನೀವು ಎಷ್ಟು ಬೇಕಾದರೂ ಸ್ಪರ್ಧೆ ಇಟ್ಟುಕೊಳ್ಳಿ. ಕಾಲಿಗೆ ಚಪ್ಪಲಿ ಇಲ್ಲದವನನ್ನು ಓಟಕ್ಕೆ ನಿಲ್ಲಿಸಿ 'ಇವನು ನಿಧಾನ' ಎಂದು ಅಂಕ ಕೊಡಬೇಡಿ.


ಗುಂಡುಸೂಜಿ

ಇದಕ್ಕೆ ನನ್ನ ಒಪ್ಪಿಗೆ ಇದೆ. ಮೊತ್ತ ಸಣ್ಣದಿರಲಿ, ಮೂರು ವರ್ಷಕ್ಕೊಮ್ಮೆ ಹೋಗಿ ಮಿಷನ್ ಓಡುತ್ತಿದೆಯಾ ಅಂತ ನೋಡಲಿ. ಪೇಪರ್ ಎಣಿಸೋದು ಬೇಡ, ಮಿಷನ್ನಿನ ಲಾಗ್ ಬುಕ್ ನೋಡಲಿ.


ಪಿಪೆಟ್ ರಾಣಿ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉದ್ದ ಬೆಳೆಯುತ್ತದೆ ಅಂದುಕೊಂಡಿರಲಿಲ್ಲ. ಕೆಲಸ ಬದಲಾಯಿಸುವ ಯೋಚನೆ ಸದ್ಯಕ್ಕೆ ಬಿಟ್ಟೆ. ಮೇಷ್ಟ್ರೇ, ನಾಲ್ಕನೇ ಸಲ ಹಾಕುವಾಗ ಆ ಉಪಕರಣದ ಕಲಂನಲ್ಲಿ ಏನು ಬರೆಯಲಿ?


ಹಳೇ ಮೇಷ್ಟ್ರು

ಇಲ್ಲದ್ದನ್ನು ಇದೆ ಅನ್ನಬೇಡಿ. ಹತ್ತಿರದ ಯಾವ ಹಂಚಿಕೆ ಕೇಂದ್ರದಲ್ಲಿ ಏನು ಸಿಗುತ್ತದೆ ಎಂದು ಹುಡುಕಿ, ಅಲ್ಲಿ ಬಳಸಲು ಅವಕಾಶ ಕೊಡುತ್ತೇವೆ ಎಂಬ ಪತ್ರ ತರಿಸಿಕೊಂಡು ಅರ್ಜಿಗೆ ಲಗತ್ತಿಸಿ. ಸಂಜೆ ನಾಲ್ಕೂವರೆಗೆ ಕೂತಿರುವ ಮನುಷ್ಯನಿಗೆ ಆ ಪತ್ರವೇ ಊರುಗೋಲು. ಬಜೆಟ್ಟಿನಲ್ಲಿ ಪ್ರಯಾಣಕ್ಕೆ, ಉಪಕರಣ ಬಳಕೆ ಶುಲ್ಕಕ್ಕೆ ಒಂದು ಸಾಲು ಹಾಕೋದು ಮರೆಯಬೇಡಿ, ಎಲ್ಲರೂ ಮರೆಯುವುದು ಅದನ್ನೇ.


ರಿಟೈರ್ಡ್ ಸೂಪರಿಂಟೆಂಡೆಂಟ್

ಫ್ರೀಜರ್ ರಬ್ಬರಿಗೆ ಗ್ಯಾಸ್ಕೆಟ್ ಅಂತ ಬರೆದು 'ಬಳಸಿ ಮುಗಿಯುವ ಸಾಮಗ್ರಿ' ಲೆಕ್ಕದಲ್ಲಿ ಫೈಲ್ ಕಳಿಸಿ ನೋಡಿ. 'ಉಪಕರಣ ದುರಸ್ತಿ' ಅಂತ ಬರೆದರೆ ನನ್ನಂಥವನೊಬ್ಬ ಅಲ್ಲಿ ಕೂತಿರುತ್ತಾನೆ.


ಪಿಪೆಟ್ ರಾಣಿ

ಸರ್!! ಎರಡು ವರ್ಷದಿಂದ ದುರಸ್ತಿ ಅಂತಲೇ ಬರೆಯುತ್ತಿದ್ದೇವೆ. ನಾಳೆ ಬೆಳಿಗ್ಗೆ ಟವೆಲ್ ಹಿಂಡಿದ ತಕ್ಷಣ ಇದೇ ಕೆಲಸ.